ಆರು ವಾರ ಕೈ ಎತ್ತಬಾರದು

ನಮ್ಮ ಮನೆಯ ಬಾತ್‌ರೂಮಿನ ಚಿಲಕ ಬಾಗಿಲಿನ ಮೇಲ್ತುದಿಯಲ್ಲಿದೆ. ಹತ್ತು ವರ್ಷದಿಂದ ದಿನಕ್ಕೆ ಹತ್ತಾರು ಸಲ ಹಾಕಿ ತೆಗೆದಿದ್ದೇನೆ. ಅದು ಅಷ್ಟು ಎತ್ತರದಲ್ಲಿದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಎದೆಯ ಸರ್ಜರಿ ಮುಗಿಸಿ ಮನೆಗೆ ಬಂದ ದಿನ ಒಳಗೆ ಹೋಗಿ, ಬಾಗಿಲು ಮುಚ್ಚಿ, ಅಭ್ಯಾಸದಂತೆ ಬಲಗೈ ಎತ್ತಿದೆ. ಕೈ ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಕಂಕುಳಿನಿಂದ ಎದೆಯ ನಡುವಿನವರೆಗೆ ಹಗ್ಗ ಬಿಗಿದ ಹಾಗಾಯಿತು. ಅಲ್ಲೇ ಗೋಡೆಗೆ ಒರಗಿ ನಿಂತೆ. ಹೊರಗಿನಿಂದ ಮಗಳು, "ಅಮ್ಮಾ, ಚಿಲಕ ಹಾಕ್ಬೇಡ, ನಾನಿಲ್ಲೇ ಕಾವಲು ಕೂತಿರ್ತೀನಿ" ಅಂದಳು. ಅವಳಿಗೆ ಒಂಬತ್ತು ವರ್ಷ.

ಈ ಸರ್ಜರಿ ಬಗ್ಗೆ ನಾನು ತಿಂಗಳುಗಟ್ಟಲೆ ಓದಿದ್ದೆ. ಸ್ತನದೊಳಗೆ ಇಡುವ ಜೆಲ್ ಚೀಲ, ಅಂದರೆ ಇಂಪ್ಲಾಂಟ್ ಯಾವುದು, ಗಾಯ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಷ್ಟು ಕೆಲಸ ಭುಜಕ್ಕಿಂತ ಮೇಲಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಬಟ್ಟೆ ಒಣಗಿಸುವ ತಂತಿ, ಬೇಳೆ ಡಬ್ಬಿಯ ಶೆಲ್ಫು, ದೇವರ ಗೂಡು, ಸೊಳ್ಳೆ ಪರದೆಯ ಗಂಟು, ತಲೆ ಮೇಲೆ ಸುರಿದುಕೊಳ್ಳುವ ಚೊಂಬು. ಜಡೆ ಹಾಕಿಕೊಳ್ಳಬೇಕಾದರೂ ಎರಡೂ ಕೈ ತಲೆಯ ಹಿಂದೆ ಹೋಗಬೇಕು.

ನಾನು ತುಮಕೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತೇನೆ. ವಯಸ್ಸು ಆಗ 36. ನನಗೆ 14 ವರ್ಷವಿದ್ದಾಗ ಎಡಗಡೆಯ ಎದೆ ಬೆಳೆಯುತ್ತಾ ಹೋಯಿತು, ಬಲಗಡೆಯದು ನಿಂತುಬಿಟ್ಟಿತು. ಎರಡೂ ಕಡೆ ಒಂಚೂರು ವ್ಯತ್ಯಾಸ ಹೆಚ್ಚುಕಡಿಮೆ ಎಲ್ಲ ಹೆಂಗಸರಿಗೂ ಇರುತ್ತದೆ. ನನ್ನದು ಬಟ್ಟೆ ಮೇಲೂ ಕಾಣುವಷ್ಟಿತ್ತು. ಅಮ್ಮ ಹಳೆ ಸೀರೆ ತುಂಡಿಗೆ ಹತ್ತಿ ತುಂಬಿ, ಅಂಗೈಯಗಲ ಮೆತ್ತೆ ಮಾಡಿ, ಸ್ಕೂಲ್ ಯೂನಿಫಾರ್ಮಿನ ಒಳಗೆ ಹೊಲಿದು ಕೊಡುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಒಗೆಯಲು ಬಿಚ್ಚುವುದು, ಮತ್ತೆ ಹೊಲಿಯುವುದು. ಮುಂದೆ ಅದೇ ಕೆಲಸವನ್ನು ಟೈಲರ್ ಅಕ್ಕ ಬ್ಲೌಸಿಗೆ ಮಾಡಿದರು. ಯಾಕೆ ಮಾಡಿಸಿಕೊಂಡೆ ಅಂತ ಕೇಳಿದವರಿಗೆ ನನ್ನ ಉತ್ತರ ಇದೊಂದೇ: ಇಪ್ಪತ್ತು ವರ್ಷ ಎದೆ ಮೇಲೆ ಸೆರಗು ಎಳೆದುಕೊಳ್ಳುತ್ತಲೇ ಬದುಕಿದ್ದೇನೆ, ಸಾಕಾಗಿತ್ತು.

ಬೆಂಗಳೂರಿನಲ್ಲಿ ಇಬ್ಬರು ಡಾಕ್ಟರನ್ನು ನೋಡಿದೆ. ಇಬ್ಬರಿಗೂ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅನ್ನುವ ಉನ್ನತ ಡಿಗ್ರಿ ಇದೆಯಾ ಅಂತ ಮೊದಲೇ ವಿಚಾರಿಸಿಕೊಂಡಿದ್ದೆ. ಎರಡನೆಯವರು ನನ್ನ ಎದೆ ನೋಡುವ ಮೊದಲು ತೋಳು ನೋಡಿದರು. ಚಿಕ್ಕಂದಿನಲ್ಲಿ ಹಾಕಿದ ಬಿಸಿಜಿ ಲಸಿಕೆಯ ಗುರುತು, ಆಮೇಲೆ ಕಿವಿ ಚುಚ್ಚಿದ ಜಾಗ. ನಮ್ಮಂಥ ಕಂದು ಚರ್ಮದವರಲ್ಲಿ ಗಾಯದ ಗುರುತು ದಪ್ಪಗೆ ಉಬ್ಬಿಕೊಳ್ಳುವುದು ಜಾಸ್ತಿ, ಹಳೇ ಗುರುತು ಹೇಗೆ ಮಾಗಿದೆ ಅಂತ ನೋಡಿದರೆ ಒಂದು ಅಂದಾಜು ಸಿಗುತ್ತದೆ ಅಂದರು. ಇಷ್ಟು ಸಣ್ಣದನ್ನೂ ನೋಡುವವರ ಕೈಗೆ ಮೈ ಒಪ್ಪಿಸಬಹುದು ಅನ್ನಿಸಿತು.

ಬಲಗಡೆಗೆ 290 ಸಿಸಿ ಗಾತ್ರದ ಇಂಪ್ಲಾಂಟ್, ಎಡಗಡೆಗೆ 180 ಸಿಸಿ ಅಂತ ತೀರ್ಮಾನವಾಯಿತು. ಸಿಲಿಕೋನ್ ಜೆಲ್, ನುಣುಪು ಮೇಲ್ಮೈ. ಒರಟು ಮೇಲ್ಮೈಯ ಒಂದು ಬಗೆಯನ್ನು 2019ರಲ್ಲಿ ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡಿದ್ದನ್ನು ಡಾಕ್ಟರೇ ಹೇಳಿದರು. ಅದರಿಂದ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್ ಬರುವುದು ಕಂಡುಬಂದಿತ್ತು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ, ಎಂದೋ ಒಂದು ದಿನ ಬದಲಾಯಿಸಬೇಕಾಗಬಹುದು ಅಂತಲೂ ಮೊದಲ ಭೇಟಿಯಲ್ಲೇ ಹೇಳಿದರು. ಎದೆಯ ಸ್ನಾಯುವಿನ ಅಡಿಯಲ್ಲಿ ಜಾಗ ಮಾಡಿ ಕೂರಿಸುವುದು, ಗಾಯ ಸ್ತನದ ಕೆಳಗಿನ ಮಡಿಕೆಯಲ್ಲಿ. ಈ ಸ್ನಾಯುವಿನ ಮಾತನ್ನು ನಾನು ಇನ್ನೂ ಗಮನವಿಟ್ಟು ಕೇಳಬೇಕಿತ್ತು. ತೋಳನ್ನು ಮುಂದಕ್ಕೆ, ಒಳಕ್ಕೆ ಎಳೆಯುವುದೇ ಆ ಸ್ನಾಯು. ಅದನ್ನು ಬಿಡಿಸಿ ಅಡಿಗೆ ಇಂಪ್ಲಾಂಟ್ ಇಟ್ಟಮೇಲೆ ಕೈಯ ಪ್ರತಿಯೊಂದು ಕೆಲಸವೂ ಎದೆಗೆ ತಾಗುತ್ತದೆ.

ದುಡ್ಡಿನ ಒಂದು ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ಬರೀ ಅಂದಕ್ಕೆ ಮಾಡಿಸುವ ಸರ್ಜರಿಗೆ 18% ಜಿಎಸ್‌ಟಿ ಬೀಳುತ್ತದೆ. ಹುಟ್ಟಿನ ಅಥವಾ ಬೆಳವಣಿಗೆಯ ದೋಷ ಸರಿಪಡಿಸುವುದಾದರೆ ವಿನಾಯಿತಿ ಇದೆ. ನನ್ನ ಫೈಲಿನಲ್ಲಿ ಡಾಕ್ಟರ್ ಅದನ್ನು ಸ್ಪಷ್ಟವಾಗಿ ಬರೆದರು. ಇನ್ಶೂರೆನ್ಸಿನವರು ಮಾತ್ರ ಒಪ್ಪಲಿಲ್ಲ. ಚೀಟಿ ದುಡ್ಡು ಎತ್ತಿದೆ.

2023ರ ದಸರಾ ರಜೆಗೆ ದಿನ ಗೊತ್ತು ಮಾಡಿದೆವು. ಎರಡು ವಾರ ಮುಂಚೆಯೇ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನಿಲ್ಲಿಸಲು ಹೇಳಿದ್ದರು. ರಕ್ತ ಬೇಗ ಹೆಪ್ಪುಗಟ್ಟಲು ಅವು ಬಿಡುವುದಿಲ್ಲ. ನಾನು ಸುಮ್ನೆ ನುಂಗುತ್ತಿದ್ದ ಬೆಳ್ಳುಳ್ಳಿ ಕ್ಯಾಪ್ಸೂಲು, ವಿಟಮಿನ್ ಇ ಕೂಡ ಬೇಡ ಅಂದರು. ಅದನ್ನು ನಾನಾಗಿ ಹೇಳದಿದ್ದರೆ ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಹಾಗಾಗಿ ಏನೇ ತಿನ್ನುತ್ತಿದ್ದರೂ ಹೇಳಿಬಿಡಿ.

ಎಚ್ಚರವಾದಾಗ ಎದೆ ಮೇಲೆ ರುಬ್ಬುಗುಂಡು ಇಟ್ಟ ಹಾಗಿತ್ತು. ಚೂರಿ ಚುಚ್ಚಿದಂಥ ನೋವಲ್ಲ, ಭಾರ ಮತ್ತು ಬಿಗಿತ. ಗಂಟಲು ಕೆರೆಯುತ್ತಿತ್ತು, ಮೈ ನಡುಗುತ್ತಿತ್ತು. ಬಲಗಡೆ ಹೆಚ್ಚು ಬಿಗಿ, ಅಲ್ಲಿ ಚರ್ಮವೇ ಕಡಿಮೆ ಇತ್ತಲ್ಲ. ಸಂಜೆ ನರ್ಸ್ ಬಂದು ಎಬ್ಬಿಸಿ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಅದೇ ದಿನ ನಡೆಯಲೇಬೇಕು. ಎಬ್ಬಿಸುವಾಗ ಅವರು ನನ್ನ ಕೈ ಹಿಡಿದು ಎಳೆಯಲಿಲ್ಲ. ಬೆನ್ನ ಹಿಂದೆ ಅಂಗೈ ಕೊಟ್ಟು ಮೇಲಕ್ಕೆ ತಳ್ಳಿದರು. ತಂಗಿ ಅದನ್ನು ನೋಡಿ ಕಲಿತುಕೊಂಡಳು. ಮುಂದಿನ ಎರಡು ವಾರ ಮನೆಯವರೆಲ್ಲ ನನ್ನನ್ನು ಹಾಗೇ ಎಬ್ಬಿಸಿದ್ದು.

ಮೊದಲೆರಡು ದಿನ ಒಳಗೆ ರಕ್ತ ಸೋರುವ ಭಯ ಜಾಸ್ತಿ, ಆಸ್ಪತ್ರೆಗೆ ಹತ್ತಿರವೇ ಇರಿ ಅಂದಿದ್ದರು. ಯಶವಂತಪುರದಲ್ಲಿ ತಂಗಿ ಮನೆಯಲ್ಲಿ ಉಳಿದೆವು. ಗಂಡ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದ. ಒಂದೇ ಕಡೆ ಇದ್ದಕ್ಕಿದ್ದಂತೆ ಊದಿ ಗಟ್ಟಿಯಾದರೆ, ನೋವು ಇಳಿಯುವ ಬದಲು ಏರಿದರೆ, ಜ್ವರ 100.4 ದಾಟಿದರೆ, ಗಾಯ ಕೆಂಪಾಗಿ ಸೋರಿದರೆ, ಮೀನಖಂಡ ನೋಯಿಸಿದರೆ, ಉಸಿರು ಸಿಗದಿದ್ದರೆ ಬೆಳಗಾಗುವುದನ್ನು ಕಾಯಬಾರದು. ಕೆಳಗೆ ಡಾಕ್ಟರ ನಂಬರು.

ನಾಲ್ಕನೇ ದಿನ ತುಮಕೂರಿಗೆ ಹೊರಟೆವು. ಸೀಟ್ ಬೆಲ್ಟ್ ಸರಿಯಾಗಿ ಎದೆ ಮೇಲೇ ಹಾದುಹೋಗುತ್ತದೆ. ಮಗಳ ಪುಟ್ಟ ದಿಂಬನ್ನು ಬೆಲ್ಟಿಗೂ ಎದೆಗೂ ನಡುವೆ ಇಟ್ಟುಕೊಂಡೆ. ನೆಲಮಂಗಲದ ಟೋಲ್ ದಾಟುವವರೆಗೆ ಚೆನ್ನಾಗಿತ್ತು. ಆಮೇಲೆ ರಸ್ತೆಯ ಒಂದೊಂದು ಉಬ್ಬೂ ಎದೆಗೆ ಗೊತ್ತಾಯಿತು. ಮನೆಗೆ ಬಂದರೆ ಚಿಲಕ. ಆ ರಾತ್ರಿ ಕಾರಣವೇ ಇಲ್ಲದೆ ಅತ್ತೆ. ಕನ್ನಡಿಯಲ್ಲಿ ಕಂಡದ್ದು ನನ್ನ ಮೈ ಅನ್ನಿಸಲಿಲ್ಲ. ಎರಡೂ ಮೇಲಕ್ಕೆ ಏರಿ, ಚೌಕವಾಗಿ, ಗಟ್ಟಿಯಾಗಿ ಕೂತಿದ್ದವು. ಚರ್ಮ ಹೊಳೆಯುತ್ತಿತ್ತು. ಬಲಗಡೆಯದು ಇನ್ನೂ ಒಂದು ಬೆರಳು ಮೇಲೆ. ಇಪ್ಪತ್ತು ವರ್ಷದ ಆಸೆಗೆ ಇಷ್ಟು ದುಡ್ಡು, ಇಷ್ಟು ನೋವು ಕೊಟ್ಟು ಇದಾ ಸಿಕ್ಕಿದ್ದು ಅಂತ ಬಿಕ್ಕಿದೆ. ತಂಗಿ ಫೋನಿನಲ್ಲಿ, "ಅಕ್ಕಾ, ಡಾಕ್ಟರ್ ಏನಂದಿದ್ರು? ಮೂರು ತಿಂಗಳು ಕೊಡಿ ಅಂದಿದ್ರು. ಇವತ್ತಿಗೆ ನಾಲ್ಕು ದಿನ" ಅಂದಳು. ಅಳು ಬರುವುದನ್ನೂ ಡಾಕ್ಟರ್ ಮುಂಚೆಯೇ ಹೇಳಿದ್ದರು. ಅನಸ್ತೇಶಿಯಾ, ನಿದ್ದೆಗೇಡು, ಊತ ಎಲ್ಲ ಸೇರಿ ಮೂರನೇ ದಿನದಿಂದ ಮನಸ್ಸು ಕುಸಿಯುವುದು ಸಾಮಾನ್ಯ. ಗೊತ್ತಿದ್ದರೂ ಅಳು ನಿಲ್ಲಲಿಲ್ಲ. ಇದು ಹೋಗುತ್ತದೆ ಅನ್ನುವ ನಂಬಿಕೆ ಮಾತ್ರ ಉಳಿದಿತ್ತು, ಮತ್ತು ಅದು ನಿಜಕ್ಕೂ ಎಂಟನೇ ದಿನದ ಹೊತ್ತಿಗೆ ಹೋಯಿತು.

ಮಲಗುವುದೇ ದೊಡ್ಡ ಕೆಲಸ. ಮಗ್ಗುಲಾಗುವ ಹಾಗಿಲ್ಲ, ಬೋರಲು ಕೇಳಲೇಬೇಡಿ. ಮೂರು ದಿಂಬು ಬೆನ್ನಿಗೆ, ಒಂದು ಮೊಣಕಾಲಿನ ಕೆಳಗೆ, ಎರಡು ಪಕ್ಕಕ್ಕೆ. ಅರ್ಧ ಕೂತು ಅರ್ಧ ಮಲಗಿ ಮೂರು ವಾರ. ನಿದ್ದೆ ಬಾರದ ರಾತ್ರಿ ಫೋನಿನಲ್ಲಿ ಓದುತ್ತಿದ್ದೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಅನ್ನುವ ಹೆಂಗಸಿಗೆ ಮೊದಲ ಸಲ ಸಿಲಿಕೋನ್ ಇಂಪ್ಲಾಂಟ್ ಹಾಕಿದರಂತೆ. ಆಕೆ ಆಸ್ಪತ್ರೆಗೆ ಹೋಗಿದ್ದು ಹಚ್ಚೆ ತೆಗೆಸಲು. ಆಕೆಗೆ ನಿಜವಾಗಿ ಬೇಕಿದ್ದದ್ದು ಚಾಚಿಕೊಂಡ ಕಿವಿ ಸರಿ ಮಾಡಿಸುವುದು. ಆಕೆಯನ್ನು ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಿದವರು ಯಾರಿದ್ದರೋ ಅಂತ ಆ ರಾತ್ರಿ ತುಂಬ ಹೊತ್ತು ಯೋಚಿಸಿದೆ.

ಅಮ್ಮ ಅರಸೀಕೆರೆಯಿಂದ ಬಂದಿದ್ದಳು. ಅವಳಿಗೆ ವಿಷಯ ಹೇಳಿದ್ದು ಸರ್ಜರಿಯ ಹಿಂದಿನ ವಾರ. ಸುಮಾರು ಹೊತ್ತು ಸುಮ್ಮನಿದ್ದು, "ನಾನು ಆಗಲೇ ಯಾರಿಗಾದ್ರೂ ತೋರಿಸ್ಬೇಕಿತ್ತು" ಅಂದಳು, ಅಷ್ಟೇ. ಆದರೆ ಪಥ್ಯದಲ್ಲಿ ಮಾತ್ರ ಬಗ್ಗುವವಳಲ್ಲ. ಬದನೆಕಾಯಿ ನಂಜು. ಕಡಲೆಕಾಯಿ ನಂಜು. ಮೊಟ್ಟೆ ನಂಜು. ಹೊಲಿಗೆ ಕೀವಾಗುತ್ತದೆ ಅಂತ ಬರೀ ಮೆಣಸಿನ ಸಾರು ಅನ್ನ. ಗಾಯ ಮಾಗಲು ಪ್ರೋಟೀನ್ ಬೇಕು, ಚೆನ್ನಾಗಿ ತಿನ್ನಿ ಅಂತ ಡಾಕ್ಟರ್ ಹೇಳಿದ್ದರು. ಅಮ್ಮನ ಜೊತೆ ವಾದ ಮಾಡುವ ಶಕ್ತಿ ನನಗಿರಲಿಲ್ಲ, ಫೋನ್ ಹಚ್ಚಿ ಡಾಕ್ಟರ ಕೈಗೇ ಕೊಟ್ಟೆ. ಅವರು ಬಹಳ ಗೌರವದಿಂದ, "ಅಮ್ಮಾ, ನಿಮ್ಮ ಹೆಸರುಬೇಳೆ ತೊವ್ವೆ ನಂಜಲ್ಲ ತಾನೆ? ಹಾಗಾದರೆ ದಿನಕ್ಕೆರಡು ಬಟ್ಟಲು ಕೊಡಿ. ಮೊಸರು ಕೊಡಿ" ಅಂದರು. ಅಲ್ಲಿಗೆ ಒಪ್ಪಂದವಾಯಿತು. ಮೊಟ್ಟೆ ಮೂರನೇ ವಾರ ಬಂತು. ಗಾಯಕ್ಕೆ ಅರಿಶಿನ ಹಚ್ಚುವುದನ್ನು ಮಾತ್ರ ನಾನು ಸುತರಾಂ ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ನೋವಿನ ಮಾತ್ರೆಯಿಂದ ಹೊಟ್ಟೆ ಕಟ್ಟಿಕೊಳ್ಳುತ್ತದೆ ಅಂತ ಯಾರೂ ಜೋರಾಗಿ ಹೇಳುವುದಿಲ್ಲ. ತಿಣುಕುವಾಗ ಎದೆಗೆ ಹೇಗೆ ಒತ್ತುತ್ತದೆ ಅನ್ನೋದು ಅನುಭವಿಸಿದವರಿಗೇ ಗೊತ್ತು. ಇಸಬ್ಗೋಲು, ಪರಂಗಿ ಹಣ್ಣು, ತುಂಬಾ ನೀರು. ಇದನ್ನು ಮೊದಲ ದಿನದಿಂದಲೇ ಶುರು ಮಾಡಬೇಕಿತ್ತು.

ನೆಂಟರಿಗೆಲ್ಲ ಪಿತ್ತಕೋಶದ ಕಲ್ಲಿನ ಆಪರೇಷನ್ ಅಂತ ಹೇಳೋಣ ಅಂದಿದ್ದು ಅಮ್ಮನೇ. ನನಗೂ ಅದು ಸುಲಭ ಅನ್ನಿಸಿತು. ಎಂಟನೇ ದಿನ ಬೆಂಗಳೂರಿಗೆ ಹೋಗಿ ಗಾಯ ತೋರಿಸಿ ಬಂದೆವು, ಚೆನ್ನಾಗಿ ಕೂಡಿದೆ ಅಂದರು. ಅಷ್ಟರಲ್ಲಿ ನವರಾತ್ರಿ ಶುರುವಾಗಿತ್ತು. ಮಗಳ ಹಟಕ್ಕೆ ಗೊಂಬೆ ಕೂರಿಸಿದ್ದರು, ಐದು ಮೆಟ್ಟಿಲು. ನಾನು ಕುರ್ಚಿಯಲ್ಲಿ ಕೂತು ಯಾವ ಗೊಂಬೆ ಎಲ್ಲಿ ಅಂತ ಹೇಳಿದ್ದಷ್ಟೇ. ಹನ್ನೊಂದನೇ ದಿನ ಸಂಜೆ ಗೊಂಬೆ ನೋಡಲು ನೆಂಟರು ಬಂದರು. ಅವರ ಜೊತೆ ಒಂದು ವರ್ಷದ ಮೊಮ್ಮಗ. ಅರಿಶಿನ ಕುಂಕುಮ ತೆಗೆದುಕೊಳ್ಳಲು ಕೈ ಖಾಲಿ ಬೇಕಲ್ಲ, ಮಗುವನ್ನು ನನ್ನ ಮಡಿಲಿಗೆ ಕೊಟ್ಟರು. ಅವರ ತಪ್ಪೇನೂ ಇಲ್ಲ. ಹೊಟ್ಟೆ ಆಪರೇಷನ್ ಆದವಳು ಕೂತಲ್ಲೇ ಮಗು ಹಿಡಿದುಕೊಳ್ಳಬಹುದು. ಮಗು ಗೊಂಬೆಯ ಕಡೆ ಹಾರಿತು. ಜಾರುತ್ತಿದ್ದ ಮಗುವನ್ನು ಎರಡೂ ಕೈಯಲ್ಲಿ ಬಾಚಿ ಎಳೆದುಕೊಂಡೆ. ಬಲಗಡೆ ಒಳಗೆ ಏನೋ ಚಳಕ್ ಅಂತು.

ರಾತ್ರಿ ಒಂಬತ್ತಕ್ಕೆ ಬಲಗಡೆ ಊದಿಕೊಂಡಿತು. ಗಂಡ ಕ್ಯಾಲೆಂಡರಿನ ಮೊದಲ ಸಾಲು ಓದಿ ಕಾರ್ ಕೀ ತೆಗೆದುಕೊಂಡ. ಡಾಕ್ಟರಿಗೆ ಫೋನ್ ಮಾಡಿಕೊಂಡೇ ಹೊರಟೆವು. ಆ 70 ಕಿಲೋಮೀಟರ್ ನಾನು ದಿಂಬು ಅವಚಿಕೊಂಡು ಒಂದೂ ಮಾತಾಡಲಿಲ್ಲ. ಅಲ್ಟ್ರಾಸೌಂಡ್ ಮಾಡಿದರು. ರಕ್ತವಲ್ಲ, ಇಂಪ್ಲಾಂಟಿನ ಸುತ್ತ ಸ್ವಲ್ಪ ನೀರು ತುಂಬಿತ್ತು. ರಕ್ತವಾಗಿದ್ದರೆ ಅದೇ ರಾತ್ರಿ ಮತ್ತೆ ಆಪರೇಷನ್ ಥಿಯೇಟರ್. ನೀರು ತಾನಾಗಿ ಇಂಗುತ್ತದೆ, ಕೈ ಅಲ್ಲಾಡಿಸಬೇಡಿ ಅಂತ ಹೇಳಿ ಬ್ರಾ ಇನ್ನೂ ಬಿಗಿಯಾಗಿ ಕಟ್ಟಿ ಕಳಿಸಿದರು. ಎರಡು ವಾರದಲ್ಲಿ ಅದು ಇಳಿಯಿತು.

ಮಾರನೇ ದಿನ ಇನ್ನೊಂದು ಮನೆಯವರು ಗೊಂಬೆ ನೋಡಲು ಬಂದರು. ಅಮ್ಮ ಬಾಗಿಲಲ್ಲೇ ನಿಂತು, "ಅವಳಿಗೆ ಎದೆ ಆಪರೇಷನ್ ಆಗಿದೆ, ಕೈಗೆ ಏನೂ ಕೊಡ್ಬೇಡಿ" ಅಂದಳು. ಬಂದವರ ಮುಖ ಬಿಳಿಚಿಕೊಂಡಿತು. "ಕ್ಯಾನ್ಸರಾ?" ಅಂತ ಪಿಸುಗುಟ್ಟಿದರು. "ಅಲ್ಲ. ಒಂದು ಕಡೆ ಬೆಳೆದಿರ್ಲಿಲ್ಲ. ಸರಿ ಮಾಡಿಸ್ಕೊಂಡಿದ್ದಾಳೆ." ಅಮ್ಮನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಒಳಗಿನ ಕೋಣೆಯಲ್ಲಿ ದಿಂಬುಗಳ ನಡುವೆ ಕೂತಿದ್ದೆ. ಮೈಯೆಲ್ಲ ಹಗುರಾಯಿತು. ಎಲ್ಲಿ ಗಾಯವಾಗಿದೆ ಅಂತ ಮನೆಗೆ ಬರುವವರಿಗೆ ಗೊತ್ತಿಲ್ಲದಿದ್ದರೆ, ಅವರು ಅದನ್ನು ಹೇಗೆ ಕಾಪಾಡುತ್ತಾರೆ ಹೇಳಿ? ಊರಿಗೆಲ್ಲ ಸಾರಬೇಕಿಲ್ಲ. ಆದರೆ ಅಡುಗೆಮನೆಯಲ್ಲಿ, ಹಜಾರದಲ್ಲಿ ನಿಮ್ಮ ಸುತ್ತ ಓಡಾಡುವವರಿಗೆ ನಿಜ ಗೊತ್ತಿರಲಿ.

ಅಂದಿನಿಂದ ಮನೆ ಬದಲಾಯಿತು. ಗಂಡ ಬಾತ್‌ರೂಮಿಗೆ ಸೊಂಟದ ಮಟ್ಟದಲ್ಲಿ ಇನ್ನೊಂದು ಚಿಲಕ ಜಡಿದ. ಉಪ್ಪು, ಬೇಳೆ, ಕಾಫಿಪುಡಿ ಎಲ್ಲ ಕಟ್ಟೆಗೆ ಇಳಿದವು. ಮಗಳು ನನ್ನ ಜಡೆ ಹಾಕಲು ಕಲಿತಳು. ಮೊದಲ ದಿನ ಮೂರು ಎಳೆಯಲ್ಲಿ ಒಂದು ಮಾಯವಾಗುತ್ತಿತ್ತು, ವಾರದಲ್ಲಿ ಬಿಗಿಯಾಗಿ ಹೆಣೆದಳು. ಮುಂದೆ ಗುಂಡಿ ಇರುವ ನೈಟಿ ನಾಲ್ಕು ಕೊಂಡಿದ್ದೆ, ತಲೆ ಮೇಲಿಂದ ಹಾಕುವುದು ಯಾವುದೂ ಆಗುವುದಿಲ್ಲ. ವೈರ್ ಇಲ್ಲದ ಸಪೋರ್ಟ್ ಬ್ರಾ ಹಗಲು ರಾತ್ರಿ ಆರು ವಾರ. ಹಾಗಂತ ಭುಜ ಪೂರ್ತಿ ಕಲ್ಲಾಗಲೂ ಬಿಡಬಾರದು. ಮೊಣಕೈ ಪಕ್ಕೆಗಿಟ್ಟು ಭುಜ ಹಿಂದಕ್ಕೆ ಸಣ್ಣಗೆ ಸುತ್ತಿಸುವುದು, ಗೂನು ಬೀಳದೆ ನೆಟ್ಟಗೆ ಕೂರುವುದು, ದಿನಕ್ಕೆ ನಾಲ್ಕು ಸಲ ಅಂಗಳದಲ್ಲಿ ನಡೆಯುವುದು ಇತ್ತು.

ಇಪ್ಪತ್ತೈದನೇ ದಿನ ಸ್ಕೂಲಿಗೆ ಹೋದೆ. ಬೋರ್ಡಿನ ಮೇಲೆ ನನ್ನ ಭುಜದ ಮಟ್ಟಕ್ಕೆ ಒಂದು ಗೆರೆ ಎಳೆದೆ. ಅದರ ಕೆಳಗೆ ನಾನು ಬರೆಯುವುದು, ಮೇಲೆ ಮಕ್ಕಳು. ಹತ್ತನೇ ಕ್ಲಾಸಿಗೆ ವರ್ಗ ಸಮೀಕರಣ ನಡೆಯುತ್ತಿತ್ತು, ಒಬ್ಬೊಬ್ಬರು ಒಂದೊಂದು ಹಂತ ಬರೆದರು. ಬರೆಯುವುದಕ್ಕಿಂತ ಒರೆಸುವುದು ಕಷ್ಟ ಅಂತ ಆಗ ಗೊತ್ತಾಯಿತು. ಡಸ್ಟರ್ ಒತ್ತಿ ಅತ್ತಿತ್ತ ಎಳೆದರೆ ಒಳಗೆ ಇಂಪ್ಲಾಂಟ್ ಸ್ನಾಯುವಿನ ಜೊತೆ ಕದಲುವುದು ಗೊತ್ತಾಗುತ್ತದೆ. ಸ್ಕೂಟರ್ ಒಂದೂವರೆ ತಿಂಗಳು ಮುಟ್ಟಲಿಲ್ಲ. ನೀರು ತುಂಬಿದ ಬಕೆಟ್ ಎರಡು ತಿಂಗಳು.

ಮೈ ವಾಸಿಯಾಗುವಾಗ ಏನೇನೋ ಮಾಡುತ್ತದೆ. ಮೊದಲ ವಾರ ಏಳುವಾಗ ಒಳಗೆ ಗುಳುಗುಳು ಸದ್ದು, ಉಳಿದ ಗಾಳಿ ಮತ್ತು ನೀರಿನದು. ಮೂರನೇ ವಾರದಿಂದ ಎದೆಯೊಳಗೆ ಕರೆಂಟ್ ಹೊಡೆದ ಹಾಗೆ ಚುಳ್ ಚುಳ್. ನರಗಳು ಮತ್ತೆ ಎಚ್ಚರಾಗುವ ಲಕ್ಷಣ ಅದು. ಬೆಳಿಗ್ಗೆ ಎದ್ದ ಕೂಡಲೇ ಬಿಗಿತ ಜಾಸ್ತಿ, ಬಿಸಿ ಕಾಫಿ ಕುಡಿದು ಓಡಾಡಿದ ಮೇಲೆ ಸಡಿಲ. ಬಲ ಮೊಲೆತೊಟ್ಟು ಐದು ತಿಂಗಳು ಮರಗಟ್ಟಿತ್ತು, ಆಮೇಲೆ ನಿಧಾನಕ್ಕೆ ಬಂತು. ಅದರ ಕೆಳಗೆ ರೂಪಾಯಿ ಅಗಲದ ಜಾಗಕ್ಕೆ ಇವತ್ತಿಗೂ ಸ್ಪರ್ಶ ಗೊತ್ತಾಗುವುದಿಲ್ಲ. ಗಾಯ ಪೂರ್ತಿ ಮುಚ್ಚಿದ ಮೇಲೆ ಡಾಕ್ಟರ್ ಹೇಳಿದಂತೆ ಸಿಲಿಕೋನ್ ಜೆಲ್ ಹಚ್ಚಿದೆ. ಗುರುತು ಆರು ತಿಂಗಳು ಕಂದುಗೆಂಪಾಗಿತ್ತು, ಒಂದು ವರ್ಷದ ಮೇಲೆ ಗೆರೆಯಾಯಿತು. ಚೌಕಗಳು ಇಳಿದು ದುಂಡಗಾಗಿದ್ದು ಸಂಕ್ರಾಂತಿ ಹೊತ್ತಿಗೆ. ದಿನಾ ನೋಡುವ ನನಗೆ ಅದು ಗೊತ್ತೇ ಆಗಲಿಲ್ಲ, ತಂಗಿ ಬಂದು ಹೇಳಿದಳು.

ಹೊಸ ಬ್ಲೌಸನ್ನು ಡಾಕ್ಟರ್ ಹೇಳಿದಂತೆ ಆರು ತಿಂಗಳವರೆಗೆ ಹೊಲಿಸಲಿಲ್ಲ. ಟೈಲರ್ ಅಕ್ಕನಿಗೆ ಹಳೇ ಅಳತೆ ಬ್ಲೌಸ್ ಕೊಡದೆ ಮೈ ಅಳತೆ ತಗೊಳ್ಳಿ ಅಂದೆ. ಅವರು ಟೇಪ್ ಸುತ್ತಿ, ಬಲಗಡೆ ಒಮ್ಮೆ ಎಡಗಡೆ ಒಮ್ಮೆ ನೋಡಿ, ನನ್ನ ಮುಖ ನೋಡಿದರು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎಷ್ಟೋ ವರ್ಷದಿಂದ ಇದ್ದ 'ಬಲ ಪ್ಯಾಡ್' ಅನ್ನುವ ಮಾತನ್ನು ಪೆನ್ನಿನಲ್ಲಿ ಹೊಡೆದುಹಾಕಿ, "ಕೈ ಎಷ್ಟುದ್ದ ಬೇಕು?" ಅಂತ ಕೇಳಿದರು.

ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟಿದ್ದಾರೆ. ಎರಡೂ ಇಂಪ್ಲಾಂಟಿನ ಸ್ಟಿಕ್ಕರ್ ಅದರಲ್ಲಿದೆ, ಸೀರಿಯಲ್ ನಂಬರು, ಅಳತೆ, ತಯಾರಿಕೆಯ ವಿವರ. ಒಳಗೆ ಒಡೆದರೂ ಹೊರಗೆ ಏನೂ ಗೊತ್ತಾಗದೇ ಇರಬಹುದು, ಅದಕ್ಕೆ ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಯಾವುದೇ ಕಡೆ ಗಟ್ಟಿಯಾಗುತ್ತಾ ಬಂದರೆ, ಆಕಾರ ಬದಲಾದರೆ ಅದಕ್ಕೂ ಮುಂಚೆ. ಮುಂದೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ಮಾಡಿಸುವಾಗ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಬೇಕು, ಅವರು ತೆಗೆಯುವ ರೀತಿ ಬೇರೆ ಇರುತ್ತದೆ. ಕಾರ್ಡಿನ ಕವರಿನ ಮೇಲೆ '2028, ಸ್ಕ್ಯಾನ್' ಅಂತ ಬರೆದು ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಜೊತೆ ಇಟ್ಟಿದ್ದೇನೆ. ತಂಗಿಗೂ ಮಗಳಿಗೂ ಜಾಗ ತೋರಿಸಿದ್ದೇನೆ. ಕೆಳಗಿನ ಅರೆ, ಎಡಗಡೆ.